ಜೋಳದ ಸೇರು ಮತ್ತು ದಾರಿಹೋಕರ ಹಕ್ಕು

(ಇಂಗ್ಲೆಂಡಿನ ಕನ್ನಡಿಗರ ಬಳಗವೊಂದು 2026ರ ರಮಝಾನಿನಲ್ಲಿ ಏರ್ಪಡಿಸಿದ್ದ ಇಫ್ತಾರ್ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೊಟ್ಟೆ ತುಂಬಿದ ಮೇಲೆ ಹಸಿವಿನ ಬಗ್ಗೆ ಮಾತನಾಡುವುದು ಸುಲಭ. ಆ ಅಳುಕಿನಿಂದಲೇ, ನನಗೆ ಚೆನ್ನಾಗಿ ಗೊತ್ತಿರುವ ಒಂದು ಸೇರಿನಿಂದ ಮಾತು ಶುರು ಮಾಡುತ್ತೇನೆ.

ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, ಈದ್‌ಗೆ ಎರಡು ದಿನವಿರುವಾಗ ನನ್ನ ನಾನಿ ಜೋಳದ ಚೀಲ ಬಿಚ್ಚುತ್ತಿದ್ದರು. ಮನೆಯ ತಲೆಗಳನ್ನು ಎಣಿಸಿ, ತೊಟ್ಟಿಲ ಕೂಸನ್ನೂ ಬಿಡದೆ, ಒಬ್ಬೊಬ್ಬರ ಹೆಸರಿನಲ್ಲಿ ಕಾಳು ಅಳೆಯುತ್ತಿದ್ದರು. ಅದು ಫಿತ್ರಾ. ಈದ್ ನಮಾಝಿಗೆ ಮುನ್ನವೇ ಅದು ಇಲ್ಲದವರ ಮನೆ ಸೇರಬೇಕು. ತಡವಾದರೆ ಅದು ಬರಿಯ ದಾನವಾದೀತೇ ಹೊರತು ಫಿತ್ರಾ ಆಗದು. ಹಬ್ಬದ ಬೆಳಗ್ಗೆ ಯಾರೂ ಇನ್ನೊಬ್ಬರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಬಾರದೆಂಬುದು ಆ ನಿಯಮದ ಒಳಗಿನ ಮಾತು. ಸೇರಿನ ಬಾಯಿಯನ್ನು ಅಂಗೈಯಿಂದ ಸವರಿ ಸಮಮಾಡದೆ, ಗೋಪುರವೆದ್ದ ಹಾಗೆಯೇ ಸುರಿಯುತ್ತಿದ್ದ ನಾನಿಯನ್ನು ಒಮ್ಮೆ ಕೇಳಿದ್ದೆ, ಇಷ್ಟೊಂದು ಯಾಕೆ ಕೊಡುತ್ತೀ ಎಂದು. ಅವರ ಉತ್ತರ ಹೀಗಿತ್ತು: “ಇದು ನಮ್ದಲ್ಲ, ಅವರ್ದು. ನಮ್ಮ ಚೀಲದಾಗ ಬಂದು ಕುಂತೈತಿ, ಅಷ್ಟ.”

ನಾವು ನಮ್ಮದೆಂದು ಬೀಗುವ ಈ ಜೋಳದ ತವರು ನಮ್ಮ ನೆಲವಲ್ಲ. ಐದು ಸಾವಿರ ವರ್ಷಗಳ ಹಿಂದೆ ಅದನ್ನು ಮೊದಲು ಪಳಗಿಸಿ ಬೆಳೆದದ್ದಕ್ಕೆ ಪುರಾವೆ ಸಿಕ್ಕಿರುವುದು ಇಂದಿನ ಸುಡಾನಿನ ಪೂರ್ವಭಾಗದಲ್ಲಿ. ಅಲ್ಲಿನವರು ಜೋಳದ ಹಿಟ್ಟನ್ನು ಹುಳಿಬರಿಸಿ ‘ಕಿಸ್ರಾ’ ಎಂಬ ತೆಳುರೊಟ್ಟಿ ಹುಯ್ಯುತ್ತಾರೆ. ‘ಅಸೀದಾ’ ಎಂಬ ಮುದ್ದೆ ತೊಳಸುತ್ತಾರೆ. ರಮಝಾನಿನ ಸಂಜೆ ಅವರ ಗಂಡಸರು ತಟ್ಟೆಗಳನ್ನು ಹೊತ್ತು ಮನೆಯಿಂದ ಹೊರಬಂದು, ಬೀದಿಯಲ್ಲಿ ಚಾಪೆ ಹಾಸಿ ಉಪವಾಸ ಬಿಡುತ್ತಾರೆ. ಜಝೀರಾ ಸೀಮೆಯ ಹೆದ್ದಾರಿ ಬದಿಯ ಹಳ್ಳಿಗಳಲ್ಲಿ ಬಸ್ಸುಗಳನ್ನೇ ಅಡ್ಡಗಟ್ಟಿ, ಪ್ರಯಾಣಿಕರನ್ನು ಇಳಿಸಿ ಊಟಕ್ಕೆ ಕೂರಿಸುವ ರೂಢಿಯಿದೆ. ದಾರಿಹೋಕನ ಧರ್ಮ, ಊರು, ಕುಲವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಅಂಥ ನಾಡಿನ ಮೇಲೆ ಯುದ್ಧ ಎರಗಿದ್ದು ರಮಝಾನಿನಲ್ಲಿಯೇ. 2023ರ ಏಪ್ರಿಲ್ 15ರಂದು, ತಿಂಗಳ ಕೊನೆಯ ಹತ್ತು ದಿನಗಳಲ್ಲಿ, ಸುಡಾನಿನ ಸೇನೆ ಮತ್ತು ಅರೆಸೇನಾ ಪಡೆಯಾದ ಆರ್‌ಎಸ್‌ಎಫ್ ಖಾರ್ತೂಮಿನ ಬೀದಿಗಳಲ್ಲಿ ಪರಸ್ಪರ ಗುಂಡು ಹಾರಿಸತೊಡಗಿದವು. ಅಂದಿನಿಂದ ಮನೆ ಬಿಟ್ಟವರು 1.2 ಕೋಟಿಗೂ ಹೆಚ್ಚು. ಅವರಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದ್ದಾರೆ. ತಾನೇ ಕಡುಬಡ ದೇಶವಾದ ಚಾಡ್ ಅವರಲ್ಲಿ ಲಕ್ಷಾಂತರ ಮಂದಿಗೆ ಆಶ್ರಯ ಕೊಟ್ಟಿದೆ. ಝಮ್‌ಝಮ್ ಶಿಬಿರದಲ್ಲಿ ಕ್ಷಾಮವಿರುವುದು 2024ರ ಆಗಸ್ಟಿನಲ್ಲಿ ದೃಢಪಟ್ಟಿತು. ಹತ್ತಿರದ ಅಲ್ ಫಾಶಿರ್ ನಗರವನ್ನು ಆರ್‌ಎಸ್‌ಎಫ್ ಒಂದೂವರೆ ವರ್ಷ ಮುತ್ತಿಗೆ ಹಾಕಿ, 2025ರ ಅಕ್ಟೋಬರಿನಲ್ಲಿ ವಶಪಡಿಸಿಕೊಂಡಿತು. ಆ ಮುತ್ತಿಗೆಯಲ್ಲಿ ಜನ ‘ಅಂಬಾಝ್’ ತಿಂದು ಬದುಕಿದರು. ಅಂಬಾಝ್ ಎಂದರೆ ನಮ್ಮ ಕಡೆ ಎಮ್ಮೆಗೆ ಹಾಕುವ ಶೇಂಗಾ ಹಿಂಡಿ.

ಅಲ್ ಫಾಶಿರ್ ಎಂಬ ಹೆಸರು ಕನ್ನಡಿಗರಿಗೆ ಅಪರಿಚಿತವಾಗಿರಬಾರದಿತ್ತು. ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸುಡಾನಿನಲ್ಲಿ ಸಿಲುಕಿದ್ದರು. ಅವರಲ್ಲಿ ಹಲವರು ಇದ್ದದ್ದು ಅದೇ ಊರಿನಲ್ಲಿ. ಗಿಡಮೂಲಿಕೆ ಔಷಧಿ ಮಾರಿ ಬದುಕಲು ಅಷ್ಟು ದೂರ ಹೋಗಿದ್ದ 31 ಮಂದಿಯ ಬಗ್ಗೆ ಸಿದ್ದರಾಮಯ್ಯನವರು ದನಿಯೆತ್ತಿದ್ದು, ಅದಕ್ಕೆ ವಿದೇಶಾಂಗ ಸಚಿವರು ಉತ್ತರಿಸಿದ್ದು, ಚುನಾವಣೆಯ ಕಾವಿನಲ್ಲಿ ಅದು ವಾಗ್ವಾದವಾದದ್ದು ನಿಮಗೆ ನೆನಪಿರಬಹುದು. ನಂತರ ‘ಆಪರೇಷನ್ ಕಾವೇರಿ’ ನಡೆದು 3,800ಕ್ಕೂ ಹೆಚ್ಚು ಭಾರತೀಯರು ಮರಳಿದರು. ನಾವು ನಿಟ್ಟುಸಿರು ಬಿಟ್ಟೆವು. ಅಂದೇ ಸುಡಾನ್ ನಮ್ಮ ಸುದ್ದಿಯಿಂದ ಜಾರಿಹೋಯಿತು. ಆ ಊರಿನಲ್ಲೇ ಉಳಿದವರ ಕತೆ ನಮ್ಮದಾಗಲಿಲ್ಲ. ‘ನಮ್ಮವರು’ ಎಂಬ ಪದದ ಅಳತೆ ಎಷ್ಟು ಚಿಕ್ಕದೆಂಬುದು ನನಗೆ ಆಗ ಅರ್ಥವಾಯಿತು. ನಾನೂ ಅಷ್ಟರಲ್ಲೇ ಇದ್ದೆ; ಇದು ಪರರ ಮೇಲಿನ ದೂರಲ್ಲ.

ಇಸ್ಲಾಮಿನ ಝಕಾತ್ ಈ ಅಳತೆಯನ್ನು ದೊಡ್ಡದು ಮಾಡುತ್ತದೆ. 85 ಗ್ರಾಂ ಚಿನ್ನದ ಬೆಲೆಯಷ್ಟು ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ, ಅದರ ನಲವತ್ತನೆಯ ಒಂದು ಪಾಲು ಕೊಡಬೇಕು. ಯಾರಿಗೆ ಎಂಬುದಕ್ಕೆ ಕುರ್‌ಆನ್ ಎಂಟು ವರ್ಗಗಳನ್ನು ಹೆಸರಿಸುತ್ತದೆ. ಬಡವರು, ಸಾಲದಲ್ಲಿ ಮುಳುಗಿದವರು, ಬಂಧನದಲ್ಲಿದ್ದವರ ಜೊತೆಗೆ ಅಲ್ಲಿ ‘ದಾರಿಯ ಮಗ’ನೂ ಇದ್ದಾನೆ, ಅಂದರೆ ಮನೆಯಿಂದ ದೂರವಾದ ದಾರಿಹೋಕ. ಊರಲ್ಲಿ ಹೊಲ-ಮನೆ ಇದ್ದರೂ ದಾರಿಯಲ್ಲಿ ನಿರ್ಗತಿಕನಾದವನಿಗೆ ಅದರಲ್ಲಿ ಪಾಲಿದೆ. ನಿರಾಶ್ರಿತರಿಗೆ ಇದಕ್ಕಿಂತ ಹತ್ತಿರದ ಹೆಸರು ಯಾವುದಿದೆ? ಝಕಾತ್ ಮುಸ್ಲಿಮರಿಗೇ ಸಲ್ಲಬೇಕೆಂಬುದು ಬಹುಪಾಲು ವಿದ್ವಾಂಸರ ನಿಲುವು. ಆದರೆ ಐಚ್ಛಿಕ ದಾನವಾದ ಸದಖಾಕ್ಕೆ ಧರ್ಮದ ಗಡಿಯಿಲ್ಲ. ನೂಬಾ ಬೆಟ್ಟಗಳ ಕ್ರೈಸ್ತ ಕುಟುಂಬಕ್ಕೂ ಅದು ಸಲ್ಲಬಹುದು. ಈ ಸಭೆಯ ನಾಸ್ತಿಕ ಗೆಳೆಯರೂ ಅದರಲ್ಲಿ ಕೈಜೋಡಿಸಬಹುದು.

ಹಾಗೆಂದು ಸುಡಾನಿನ ಜನ ನಮ್ಮ ಕರುಣೆಗಾಗಿ ಕಾಯುತ್ತ ಕುಳಿತಿಲ್ಲ. ‘ನಫೀರ್’ ಎಂಬುದು ಅವರ ಹಳೆಯ ಪದ್ಧತಿ. ನಮ್ಮ ಮುಯ್ಯಾಳಿನಂತೆ, ಒಬ್ಬರ ಕೆಲಸಕ್ಕೆ ಊರೇ ನೆರವಾಗಿ ಬರುವುದು. ಆ ಬೇರಿನಿಂದಲೇ ಯುದ್ಧಕಾಲದಲ್ಲಿ ಬಡಾವಣೆಗಳ ಯುವಕ ಯುವತಿಯರು ‘ತುರ್ತು ಸ್ಪಂದನಾ ಕೋಣೆ’ಗಳನ್ನು ಕಟ್ಟಿಕೊಂಡರು, ‘ತಕಾಯಾ’ ಎಂಬ ಸಮುದಾಯ ಅಡುಗೆಮನೆಗಳನ್ನು ನಡೆಸಿದರು. 2025ರ ರಾಫ್ಟೋ ಪ್ರಶಸ್ತಿ ಸಂದಿದ್ದು ಇವರಿಗೇ. 2025ರ ಜನವರಿಯಲ್ಲಿ ಅಮೆರಿಕ ತನ್ನ ನೆರವನ್ನು ತಡೆಹಿಡಿದಾಗ ಇಂಥ ನೂರಾರು ಅಡುಗೆಮನೆಗಳ ಒಲೆ ಆರಿತು. ಆರದೆ ಉಳಿದವುಗಳಿಗೆ ಆಸರೆಯಾದದ್ದರಲ್ಲಿ ಹೊರದೇಶಗಳ ಸುಡಾನಿಗಳು ಮೊಬೈಲ್ ಮೂಲಕ ಕಳಿಸುವ ಸಣ್ಣ ಸಣ್ಣ ಮೊತ್ತಗಳೂ ಸೇರಿವೆ. ನನ್ನ ಜೊತೆ ಕೆಲಸ ಮಾಡುವ ಸುಡಾನಿ ಸಹೋದರಿ ತಿಂಗಳ ಸಂಬಳ ಬಂದ ದಿನವೇ ಅಂಥದೊಂದು ಅಡುಗೆಮನೆಗೆ ಹಣ ಹಾಕುತ್ತಾಳೆ. ಈದ್ ಕಳೆದ ಮರುತಿಂಗಳು ಅವಳು ನನಗೆ ಹೇಳಿದ ಮಾತು ಮರೆಯಲಾಗದು: “ಅಕ್ಕಾ, ರಮಝಾನಿನಲ್ಲಿ ಎಲ್ಲರೂ ಕೊಡುತ್ತಾರೆ. ಶವ್ವಾಲ್ ತಿಂಗಳಲ್ಲಿ ಯಾರು ಕೊಡುತ್ತಾರೆ?”

ಇನ್ನು ಪ್ರಾರ್ಥನೆ. ನಮ್ಮಂಥ ಪ್ರಗತಿಪರರಿಗೆ ಈ ಪದ ಸ್ವಲ್ಪ ಮುಜುಗರದ್ದು. ಪ್ರಾರ್ಥನೆಯಿಂದ ಡ್ರೋನ್ ನಿಲ್ಲುವುದೇ ಎಂದು ಕೇಳುತ್ತೇವೆ. ನ್ಯಾಯವಾದ ಪ್ರಶ್ನೆ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ನಮ್ಮ ಮಸೀದಿಯಲ್ಲಿ ತರಾವೀಹ್ ಮುಗಿದು ವಿತ್ರ್ ನಮಾಝಿನ ದುಆ ನಡೆಯುವಾಗ ಇಮಾಮರು ಊರುಗಳ ಹೆಸರು ಹೇಳುತ್ತಾರೆ: ಜಿನೇನಾ, ಫಾಶಿರ್, ತವೀಲಾ, ಗಾಝಾ. ಸಾಲಿನಲ್ಲಿ ನಿಂತ ಟ್ಯಾಕ್ಸಿ ಚಾಲಕ, ವೈದ್ಯ, ವಿದ್ಯಾರ್ಥಿ ಒಟ್ಟಿಗೆ ‘ಆಮೀನ್’ ಎನ್ನುತ್ತಾರೆ. ಜಗತ್ತು ಮರೆತ ಊರಿನ ಹೆಸರನ್ನು ಮೂವತ್ತು ರಾತ್ರಿ ಉಚ್ಚರಿಸಿದವನಿಗೆ ಮರುದಿನ ಅದು ಗೊತ್ತಿಲ್ಲವೆನ್ನಲು ಸಾಧ್ಯವಿಲ್ಲ. ನನ್ನ ಮಟ್ಟಿಗೆ ಪ್ರಾರ್ಥನೆಯ ಮೊದಲ ಫಲ ಅದು. ಆದರೆ ಪ್ರಾರ್ಥಿಸಿ ಸುಮ್ಮನಾದರೆ, ಆ ಮಾತು ನಮ್ಮನ್ನೇ ಆರೋಪಿಸುತ್ತದೆ.

ಏಕೆಂದರೆ ಈ ಯುದ್ಧದ ಎಳೆಗಳು ನಮ್ಮ ಮನೆಗಳವರೆಗೂ ಬಂದಿವೆ. ಝಕಾತನ್ನು ಚಿನ್ನದಿಂದ ಅಳೆಯುತ್ತೇವೆಂದೆ. ಸುಡಾನಿನ ಎರಡೂ ಪಡೆಗಳ ಬೊಕ್ಕಸ ತುಂಬುವುದು ಚಿನ್ನದ ಗಣಿಗಳಿಂದ. ಆ ಚಿನ್ನದ ಬಹುಪಾಲು ಸೇರುವುದು ಸಂಯುಕ್ತ ಅರಬ್ ಸಂಸ್ಥಾನಕ್ಕೆ. ಆರ್‌ಎಸ್‌ಎಫ್‌ಗೆ ಅಲ್ಲಿಂದ ಶಸ್ತ್ರ ಹೋಗುತ್ತಿದೆಯೆಂಬ ಆರೋಪಗಳು ನಂಬಲರ್ಹವೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರ ಆರಂಭದಲ್ಲಿ ವರದಿ ಮಾಡಿತು. ಆ ದೇಶ ಅದನ್ನು ನಿರಾಕರಿಸುತ್ತ ಬಂದಿದೆ. ಊರಿಗೆ ಹೋಗುವಾಗ ದುಬೈನಲ್ಲಿ ಇಳಿದು ಬಳೆ ಕೊಳ್ಳುವ ನಾವು, ಆ ಬಳೆಯ ಮೂಲವನ್ನು ಒಮ್ಮೆಯಾದರೂ ವಿಚಾರಿಸಿದ್ದೇವೆಯೇ? ನಾವು ತೆರಿಗೆ ಕಟ್ಟುವ ಈ ದೇಶ 2022ರಲ್ಲಿ ಉಕ್ರೇನಿನವರಿಗೆ ಮನೆಗಳ ಬಾಗಿಲು ತೆರೆಯುವ ಯೋಜನೆ ಮಾಡಿತು. ಅದು ಸರಿಯಾದ ಕೆಲಸ. ಸುಡಾನಿಗಳಿಗೆ ಅಂಥ ಯೋಜನೆ ಬರಲಿಲ್ಲ. ಅವರಲ್ಲಿ ಅನೇಕರಿಗೆ ಉಳಿದದ್ದು ಕಾಲುವೆ ದಾಟುವ ರಬ್ಬರ್ ದೋಣಿ. ಮೇಲಾಗಿ, ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ 0.5%ರಿಂದ 0.3%ಕ್ಕೆ ಇಳಿಸುವ ತೀರ್ಮಾನವೂ ಆಗಿದೆ.

ಆದ್ದರಿಂದ ನನ್ನ ಕೋರಿಕೆ ಮೂರೇ. ಇವತ್ತು ಕೊಡುವುದನ್ನು ಹನ್ನೆರಡು ಭಾಗ ಮಾಡಿ, ಶವ್ವಾಲಿನಲ್ಲೂ ನಂತರವೂ ಕೊಡಿ. ಅಲ್ಲಿನ ಜನರೇ ನಡೆಸುವ ಅಡುಗೆಮನೆಗಳಿಗೆ ತಲುಪುವಂತೆ, ವಿಚಾರಿಸಿ ಕೊಡಿ. ಕೊಟ್ಟ ಕೈಯಿಂದಲೇ ನಿಮ್ಮ ಸಂಸದರಿಗೊಂದು ಪತ್ರ ಬರೆಯಿರಿ: ಶಸ್ತ್ರಗಳ ಬಗ್ಗೆ, ಚಿನ್ನದ ಬಗ್ಗೆ, ಸುರಕ್ಷಿತ ದಾರಿಯ ಬಗ್ಗೆ.

ಆ ಪತ್ರ ದಾನವಲ್ಲ. ಆ ಹಣವೂ ದಾನವಲ್ಲ. ಬಸ್ಸು ನಿಲ್ಲಿಸಿ ದಾರಿಹೋಕರಿಗೆ ಉಣಬಡಿಸಿದವರು ಇಂದು ತಾವೇ ದಾರಿಯಲ್ಲಿದ್ದಾರೆ. ಅವರದ್ದು ನಮ್ಮ ಚೀಲದಲ್ಲಿ ಬಂದು ಕುಳಿತಿದೆ, ಅಷ್ಟೆ.