ಬಾಯಿಯ ಕ್ಯಾನ್ಸರೂ ದೇಹದ ಕಾವಲುಪಡೆಯೂ



ಇಬ್ಬರಿಗೆ ನಾಲಗೆಯ ಅಂಚಿನಲ್ಲಿ ಒಂದೇ ಅಳತೆಯ ಕ್ಯಾನ್ಸರ್ ಗಂಟು. ಇಬ್ಬರಿಗೂ ಒಂದೇ ಬಗೆಯ ಶಸ್ತ್ರಚಿಕಿತ್ಸೆ. ಆದರೂ ಒಬ್ಬನು ಗುಣಹೊಂದಿ ಬಹುಕಾಲ ಬಾಳುವುದೂ, ಮತ್ತೊಬ್ಬನಲ್ಲಿ ರೋಗವು ಬೇಗನೆ ಮರುಕಳಿಸುವುದೂ ಉಂಟು. ಈ ಭೇದಕ್ಕೆ ಕಾರಣವೇನು? ಗಂಟಿನ ಅಗಲ, ಅದು ಇಳಿದ ಆಳ, ಕೊರಳಿನ ಗ್ರಂಥಿಗಳಿಗೆ ಹಬ್ಬಿರುವಿಕೆ, ಇವುಗಳಿಂದ ವೈದ್ಯರು ರೋಗದ ಮುಂದಿನ ಗತಿಯನ್ನು ಊಹಿಸುತ್ತಾರೆ. ಇವು ರೋಗದ ಬಲವನ್ನು ತಿಳಿಸತಕ್ಕವು. ಅದನ್ನು ಎದುರಿಸುವ ದೇಹದ ಬಲವನ್ನು ತಿಳಿಸಲಾರವು.

ಆ ಬಲವಿರುವುದು ರಕ್ತದ ಬಿಳಿಯ ಕಣಗಳಲ್ಲಿ. ಇವು ಕ್ಯಾನ್ಸರ್ ಗಂಟಿನೊಳಗೆ ನೆರೆದಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಚೋ ಎಂಬ ಪಂಡಿತನು 1863ರಲ್ಲಿಯೇ ಗಮನಿಸಿದನು. 2006ರಲ್ಲಿ ಫ್ರಾನ್ಸಿನ ಜೆರೋಮ್ ಗಲೋನ್ ಮತ್ತು ಸಂಗಡಿಗರು, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಈ ಕಣಗಳ ಜಾತಿ, ದಟ್ಟಣೆ, ನೆಲೆ ಈ ಮೂರೂ ರೋಗಿಯ ಮುಂದಿನ ಸ್ಥಿತಿಯನ್ನು ಸೂಚಿಸುವುವೆಂದು ತೋರಿಸಿದರು.

ಬಾಯಿಯ ಕ್ಯಾನ್ಸರಿನಲ್ಲಿಯೂ ಇದೇ ವಿಚಾರವು ಪರೀಕ್ಷೆಗೆ ಒಳಗಾಗಿದೆ. ಕತ್ತರಿಸಿ ತೆಗೆದ ಗಂಟಿನ ತೆಳುವಾದ ಪದರಕ್ಕೆ ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಣಗಳನ್ನು ಎಣಿಸುವುದೇ ಇದರ ಕ್ರಮ. ಸಿಡಿ8 ಎಂಬ ಗುರುತುಳ್ಳ ಟಿ ಕಣಗಳು ರೋಗದ ಕೋಶಗಳನ್ನು ನೇರವಾಗಿ ಕೊಲ್ಲಬಲ್ಲವು. ಇವು ದಟ್ಟವಾಗಿದ್ದ ರೋಗಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಸಿಡಿ163 ಎಂಬ ಗುರುತುಳ್ಳ ಭಕ್ಷಕ ಕಣಗಳು ಹೆಚ್ಚಿದ್ದಲ್ಲಿ ಫಲವು ಬಹುಮಟ್ಟಿಗೆ ವಿಪರೀತ. ಇವು ಕಾವಲಿನವಾಗಿದ್ದರೂ ರೋಗದ ಬೆಳವಣಿಗೆಗೇ ನೆರವಾಗುತ್ತವೆ. ಆದುದರಿಂದ ಕಣಗಳು ಎಷ್ಟಿವೆ ಎಂಬುದಷ್ಟೇ ಸಾಲದು. ಎಂಥವು, ಎಲ್ಲಿ ನಿಂತಿವೆ ಎಂಬುದನ್ನೂ ನೋಡಬೇಕು.

ಆದರೂ ಈ ಎಣಿಕೆಯು ಹಣೆಬರಹವಲ್ಲ. ಎಣಿಸುವ ಕ್ರಮವು ಎಲ್ಲೆಡೆಯೂ ಒಂದೇ ಅಲ್ಲ. ಒಂದೇ ಗಂಟಿನಲ್ಲಿಯೂ ಒಂದೆಡೆ ದಟ್ಟವಾಗಿ, ಮತ್ತೊಂದೆಡೆ ವಿರಳವಾಗಿ ಕಣಗಳಿರಬಹುದು. ನೂರಾರು ರೋಗಿಗಳ ಸರಾಸರಿಯಿಂದ ಒಬ್ಬನ ಆಯುಷ್ಯವನ್ನು ನಿರ್ಣಯಿಸಲಾಗದು. ಯಾರಿಗೆ ಹೆಚ್ಚಿನ ಎಚ್ಚರಿಕೆ ಬೇಕು ಎಂಬುದನ್ನು ಅರಿಯುವುದಕ್ಕೆ ಇದು ಸಹಾಯಕವಾಗಬಹುದು.

2022ರ ಅಂದಾಜಿನಂತೆ ಭರತಖಂಡದಲ್ಲಿ ಆ ಒಂದು ವರ್ಷದಲ್ಲಿಯೇ 1,40,000ಕ್ಕೂ ಮಿಕ್ಕಿ ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ತಗಲಿತು. ಹೊಗೆಸೊಪ್ಪು, ಅಡಿಕೆ, ಮದ್ಯ ಇವು ಇದರ ಮುಖ್ಯ ಕಾರಣಗಳು. ಇವನ್ನು ತೊರೆಯುವುದೂ, ಮೂರು ವಾರಗಳಾದರೂ ಮಾಯದ ಬಾಯಿಯ ಹುಣ್ಣನ್ನು ತಡಮಾಡದೆ ವೈದ್ಯರಿಗೆ ತೋರಿಸುವುದೂ ಪ್ರತಿಯೊಬ್ಬರ ಕೈಯಲ್ಲಿದೆ. ಒಳಗಿನ ಕಾವಲುಪಡೆಗೆ ಹೊರಗಿನಿಂದ ಸಲ್ಲಿಸಬಹುದಾದ ಮೊದಲ ಸಹಾಯವು ಇದೇ ಆಗಿದೆ.