ಒಂದೇ ಓದಿಗೆ 5,000 ಊರು: ನಿಮ್ಮ ಏರಿಯಾ ಹೆಸರನ್ನ ಸಾಫ್ಟ್‌ವೇರ್ ಹುಡುಕೋದು ಹೀಗೆ

‘ನಾಳೆ ನಿಮ್ಮ ಏರಿಯಾದಲ್ಲಿ ಕರೆಂಟ್ ಇರಲ್ಲ’ ಅಂತ ಫೋನಿಗೆ ಅಲರ್ಟ್ ಬರಬೇಕಾದ್ರೆ ಹಿಂದೆ ಏನು ಕೆಲಸ ನಡೀಬೇಕು? ಇವತ್ತು ಅದನ್ನೇ ಹೇಳ್ತೀನಿ.

ಬೆಸ್ಕಾಂ ಪ್ರಕಟಣೆ ನೋಡಿರ್ತೀರಿ, ಏರಿಯಾ ಹೆಸರುಗಳ ಉದ್ದನೆ ಸಾಲು. ಬೊಮ್ಮಸಂದ್ರದಲ್ಲಿ ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗೋರಿಗೆ, ಟ್ಯಾಂಕಿಗೆ ನೀರು ಏರಿಸಬೇಕಾದ ಪಿಜಿಯವರಿಗೆ ಬೇಕಿರೋದು ಅದರಲ್ಲಿ ಒಂದೇ ಹೆಸರು. ಅದೇ ತಪ್ಪಿಹೋದ್ರೆ ಅಲರ್ಟ್ ಇದ್ದೂ ಇಲ್ಲದ ಹಾಗೆ.

ನಮ್ಮ ಪಟ್ಟಿಯಲ್ಲಿ 5,000 ಏರಿಯಾ ಇದೆ ಅಂದ್ಕೊಳ್ಳಿ. ಒಂದೊಂದು ಹೆಸರಿಗೂ ಪ್ರಕಟಣೆಯನ್ನ ಮೊದಲಿಂದ ಹುಡುಕಿದ್ರೆ 5,000 ಸಲ ಓದ್ಬೇಕು. ಬೆಲ್ ಲ್ಯಾಬ್ಸ್‌ನ ಆಲ್ಫ್ರೆಡ್ ಏಹೋ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲೇ ಇದಕ್ಕೊಂದು ದಾರಿ ಪ್ರಕಟಿಸಿದ್ರು. ಅವರ ಮುಂದಿದ್ದದ್ದು ಗ್ರಂಥಸೂಚಿಯಲ್ಲಿ ಹುಡುಕೋ ಕೆಲಸ.

ಉಪಾಯ ಸರಳ. ಹೆಸರುಗಳನ್ನೆಲ್ಲ ಒಂದು ಮರದ ಹಾಗೆ ಜೋಡಿಸಿ. ಬೊಮ್ಮಸಂದ್ರ, ಬೊಮ್ಮನಹಳ್ಳಿ ಎರಡಕ್ಕೂ ‘ಬೊಮ್ಮ’ ತನಕ ಒಂದೇ ಕೊಂಬೆ, ಆಮೇಲೆ ಕವಲು. ಎರಡನೇ ಉಪಾಯ ಇನ್ನೂ ಚೆಂದ. ‘ಎಲೆಕ್ಟ್ರಾನಿಕ್ ಸಿಟಿ’ ಓದಿ ಮುಗಿಸುವಾಗ, ಆ ‘ಸಿಟಿ’ಯೇ ‘ಸಿಟಿ ಮಾರ್ಕೆಟ್’ನ ಶುರುವೂ ಹೌದು ಅನ್ನೋದಕ್ಕೆ ಮರದಲ್ಲಿ ಮೊದಲೇ ಒಂದು ಅಡ್ಡದಾರಿ ಇರುತ್ತೆ. ಹಾಗಾಗಿ ಹಿಂದೆ ಹೋಗಿ ಮತ್ತೆ ಓದೋ ಹಾಗಿಲ್ಲ. ಪಟ್ಟಿ ಎಷ್ಟೇ ಬೆಳೆದ್ರೂ ಪ್ರಕಟಣೆಯನ್ನ ಓದೋದು ಒಂದೇ ಸಲ.

ಆದ್ರೆ ಕನ್ನಡಕ್ಕೆ ಇಷ್ಟೇ ಸಾಲದು. ‘ಬೊ’ದಲ್ಲಿರೋ ಒತ್ವವನ್ನ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೀಬಹುದು, ಎತ್ವ ಮತ್ತು ದೀರ್ಘ ಊತ್ವ ಸೇರಿಸಿ ಎರಡಾಗಿಯೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಬೊಮ್ಮಸಂದ್ರ ಮೊದಲ ಅಕ್ಷರದಲ್ಲೇ ಕೈತಪ್ಪುತ್ತೆ! ಅದಕ್ಕೇ ಹುಡುಕೋ ಮೊದಲು ಪಟ್ಟಿ, ಪ್ರಕಟಣೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು.

ವಿಭಕ್ತಿ ಇನ್ನೊಂದು ತೊಡಕು. ‘ಬೊಮ್ಮಸಂದ್ರದಲ್ಲಿ’ ಒಳಗೆ ಊರಿನ ಹೆಸರು ಇಡಿಯಾಗಿ ಸಿಗುತ್ತೆ. ಆದ್ರೆ ‘ಹೊಸೂರಿನಲ್ಲಿ’ ಅಂದಾಗ ‘ಹೊಸೂರು’ ಸಿಗಲ್ಲ, ಕೊನೆಯ ಉಕಾರ ಹೋಗಿರುತ್ತೆ. ಪಟ್ಟಿಗೆ ‘ಹೊಸೂರಿ’ ಅನ್ನೋ ರೂಪವನ್ನೂ ಸೇರಿಸ್ಬೇಕು.

ಕೊನೇದು ಅರ್ಥದ ತೊಡಕು. ಬೊಮ್ಮಸಂದ್ರಕ್ಕೆ ಬರೋ ಹಳದಿ ಮೆಟ್ರೋದಲ್ಲಿ ‘ಹೊಸ ರೋಡ್’ ಅಂತ ಒಂದು ಸ್ಟೇಷನ್ ಇದೆ. ‘ಊರಿಗೆ ಹೊಸ ರೋಡ್ ಮಾಡ್ತಾರಂತೆ’ ಅಂತ ಸುದ್ದಿ ಬಂದ್ರೂ ಮರ ‘ಸಿಕ್ತು’ ಅನ್ನುತ್ತೆ. ಅಕ್ಷರ ಹೊಂದಿಸೋದು ಅದರ ಕೆಲಸ. ಇದು ಊರೋ ರಸ್ತೆಯೋ ಅಂತ ತೀರ್ಮಾನಿಸೋಕೆ ಅಕ್ಕಪಕ್ಕದ ಪದಗಳನ್ನೂ ನೋಡ್ಬೇಕು.

ನೀವೂ ಇಂಥ ಆ್ಯಪ್ ಮಾಡ್ತಿದ್ರೆ ಮೊದಲ ಪರೀಕ್ಷೆಗೆ ನಿಮ್ಮೂರ ಹೆಸರನ್ನೇ ಕೊಡಿ. ಎರಡು ಬೇರೆ ಕೀಬೋರ್ಡ್‌ನಲ್ಲಿ, ನಾಲ್ಕು ವಿಭಕ್ತಿ ಹಚ್ಚಿ ಟೈಪ್ ಮಾಡಿ ನೋಡಿ. ಮುಂದಿನ ವಾರ ಸಿಗೋಣ.