ಮಕ್ಕಳ ರಕ್ತಕ್ಕೆ ಮಕ್ಕಳದೇ ಅಳತೆ



ಗಾಯದಿಂದ ಒಸರುವ ರಕ್ತವು ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಹೆಪ್ಪುಗಟ್ಟಿ ನಿಲ್ಲುವುದನ್ನು ಮನುಷ್ಯನು ಅನಾದಿಕಾಲದಿಂದಲೂ ಕಂಡಿದ್ದನಾದರೂ, ಆ ಕ್ರಿಯೆಯನ್ನು ಗಡಿಯಾರವಿಟ್ಟು ಅಳೆದು ಆರೋಗ್ಯವಿದು, ದೋಷವಿದು ಎಂದು ನಿರ್ಣಯಿಸುವ ಶಾಸ್ತ್ರವು ಬಲಿತದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ಶಾಸ್ತ್ರವು ಬಹುಕಾಲ ದೊಡ್ಡವರ ರಕ್ತವನ್ನೇ ಪ್ರಮಾಣವೆಂದು ಹಿಡಿದು, ನಿರೋಗಿಗಳಾದ ಮಕ್ಕಳ ರಕ್ತದ ಸ್ವಭಾವವನ್ನು ತಡವಾಗಿ ಅರಿತುಕೊಂಡ ಬಗೆಯನ್ನು ಇಂದು ನಿಮ್ಮ ಮುಂದೆ ನಿವೇದಿಸಬಯಸುತ್ತೇನೆ.

1905ರಲ್ಲಿ ಜರ್ಮನಿಯ ಪೌಲ್ ಮೊರಾವಿಟ್ಸ್ ಎಂಬ ವೈದ್ಯನು ಹೆಪ್ಪುಗಟ್ಟುವಿಕೆಗೆ ಕಾರಣವಾದ ದ್ರವ್ಯಗಳನ್ನು ಒಂದು ಸಿದ್ಧಾಂತದಲ್ಲಿ ಹೆಣೆದನು. 1913ರಲ್ಲಿ ಅಮೆರಿಕದ ಲೀ ಮತ್ತು ವೈಟ್ ಎಂಬವರು ಗಾಜಿನ ನಳಿಕೆಯಲ್ಲಿ ರಕ್ತವನ್ನಿಟ್ಟು ಅದು ಗಟ್ಟಿಯಾಗುವ ಕಾಲವನ್ನು ಗಣಿಸುವ ವಿಧಾನವನ್ನು ಪ್ರಕಟಿಸಿದರು. ಇದೇ ತತ್ತ್ವದ ಪರೀಕ್ಷೆಯೊಂದು ಇಂದಿಗೂ ನಮ್ಮ ರಾಯಚೂರು ಸೀಮೆಗೆ ಪ್ರಾಣಾಧಾರವಾಗಿದೆ. ಕಲ್ಲೂರು, ಮಾನ್ವಿ, ದೇವದುರ್ಗಗಳ ಹೊಲಗದ್ದೆಗಳಲ್ಲಿ ಕೊಳಕುಮಂಡಲ ಹಾವು ಕಚ್ಚಿದ ಮಗುವನ್ನು ಆಸ್ಪತ್ರೆಗೆ ತಂದಾಗ, ಎರಡು ಮಿಲಿಲೀಟರಿನಷ್ಟು ರಕ್ತವನ್ನು ಒಣಗಿದ ಶುಭ್ರವಾದ ಗಾಜಿನ ನಳಿಕೆಯಲ್ಲಿ ಅಲುಗಿಸದೆ ಇಪ್ಪತ್ತು ನಿಮಿಷ ಇಟ್ಟು, ಬಳಿಕ ಒಮ್ಮೆ ವಾಲಿಸಿ ನೋಡುತ್ತಾರೆ; ರಕ್ತವು ನೀರಿನಂತೆ ಹರಿದರೆ ವಿಷವೇರಿದೆಯೆಂದು ತಿಳಿಯುತ್ತದೆ. ಗಾಜಿನ ಸ್ಪರ್ಶವೇ ಹೆಪ್ಪಿಗೆ ಪ್ರೇರಕವಾದುದರಿಂದ ಪ್ಲಾಸ್ಟಿಕ್ ನಳಿಕೆಯು ಈ ಕೆಲಸಕ್ಕೆ ಸಲ್ಲದು.

ಸೂಕ್ಷ್ಮತರವಾದ ಪರೀಕ್ಷೆಗಳು ಅನಂತರ ಬಂದವು. 1935ರಲ್ಲಿ ಆರ್ಮಂಡ್ ಕ್ವಿಕ್ ಎಂಬಾತನು ಇಂದು ಪಿ.ಟಿ. ಎಂದು ಕರೆಯಲ್ಪಡುವ ಪರೀಕ್ಷೆಯನ್ನೂ, 1953ರಲ್ಲಿ ಉತ್ತರ ಕೆರೊಲಿನಾದ ವಿಜ್ಞಾನಿಗಳು ಪಿ.ಟಿ.ಟಿ. ಎಂಬುದನ್ನೂ ರೂಪಿಸಿದರು; 1961ರಲ್ಲಿ ಅದಕ್ಕೆ ಕೇಯೊಲಿನ್ ಎಂಬ ಬಿಳಿಯ ಜೇಡಿಯನ್ನು ಸೇರಿಸಲಾಗಿ, ಇಂದಿನ ಎ.ಪಿ.ಟಿ.ಟಿ. ಪರೀಕ್ಷೆಯು ಸಿದ್ಧವಾಯಿತು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಬೆರೆಸಿ ಹೆಪ್ಪನ್ನು ತಡೆದು, ಬೇರ್ಪಡಿಸಿದ ಪ್ಲಾಸ್ಮಾಕ್ಕೆ ಪ್ರೇರಕ ದ್ರವ್ಯವನ್ನೂ ಸುಣ್ಣದ ಸತ್ತ್ವವಾದ ಕ್ಯಾಲ್ಸಿಯಮ್ಮನ್ನೂ ಕೂಡಿಸಿ, 37 ಡಿಗ್ರಿ ಉಷ್ಣತೆಯಲ್ಲಿ ಹೆಪ್ಪಿನ ಎಳೆ ಮೂಡುವವರೆಗಿನ ಸೆಕೆಂಡುಗಳನ್ನೆಣಿಸುವುದೇ ಇವುಗಳ ಸಾರ.

ಮಕ್ಕಳ ವಿಷಯದಲ್ಲಿ ಮೊದಲು ಕಣ್ಣಿಗೆ ಬಿದ್ದುದು ರೋಗವೇ ಹೊರತು ಆರೋಗ್ಯವಲ್ಲ. 1894ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಟೌನ್‌ಸೆಂಡ್ ನವಜಾತ ಶಿಶುಗಳ ರಕ್ತಸ್ರಾವವನ್ನು ವರ್ಣಿಸಿದನು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೋಳಿಮರಿಗಳ ಮೇಲೆ ಪ್ರಯೋಗ ನಡೆಸಿ ಕೆ ಜೀವಸತ್ತ್ವವನ್ನು ಕಂಡುಹಿಡಿದು 1943ರ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದನು. ಅಂತಹ ರಕ್ತಸ್ರಾವವನ್ನು ತಡೆಯಲು ಹುಟ್ಟಿದ ಕೂಡಲೆ ಕೂಸಿಗೆ ಕೊಡುವ ಕೆ ಜೀವಸತ್ತ್ವದ ಸೂಜಿಮದ್ದು ಆ ಶೋಧನೆಯ ಫಲ.

ಆರೋಗ್ಯವಂತ ಮಕ್ಕಳ ರಕ್ತವನ್ನೇ ಕ್ರಮಬದ್ಧವಾಗಿ ಅಳೆದ ಕೀರ್ತಿಯು ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿದ್ದ ವೈದ್ಯೆ ಮೌರೀನ್ ಆಂಡ್ರೂ ಅವರಿಗೆ ಸಲ್ಲತಕ್ಕದ್ದು. ಅವರು 1987ರಲ್ಲಿ ದಿನ ತುಂಬಿ ಹುಟ್ಟಿದ ಶಿಶುಗಳನ್ನೂ, 1988ರಲ್ಲಿ ಅವಧಿಗೆ ಮುನ್ನ ಹುಟ್ಟಿದವರನ್ನೂ, 1992ರಲ್ಲಿ ಒಂದರಿಂದ ಹದಿನಾರು ವರ್ಷದ ಮಕ್ಕಳನ್ನೂ ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು. ಕೆ ಜೀವಸತ್ತ್ವವನ್ನು ಅವಲಂಬಿಸಿದ ಹೆಪ್ಪಿನ ಅಂಶಗಳು ನವಜಾತ ಶಿಶುವಿನಲ್ಲಿ ದೊಡ್ಡವರ ಸುಮಾರು ಅರ್ಧದಷ್ಟೇ ಇರುತ್ತವೆ. ಹೆಪ್ಪನ್ನು ಹಿಡಿತದಲ್ಲಿಡುವ ಪ್ರತಿರೋಧಕಗಳಲ್ಲಿಯೂ ಹಲವು ಕಡಿಮೆಯೇ ಆದುದರಿಂದ, ಎರಡು ಕಡೆಯೂ ತೂಗಿಕೊಂಡು ಶಿಶುವು ಸುರಕ್ಷಿತವಾಗಿರುತ್ತದೆ. ಆದ ಕಾರಣ ಕೂಸಿನ ಎ.ಪಿ.ಟಿ.ಟಿ. ದೀರ್ಘವಾಗಿ ಬಂದಿತೆಂದ ಮಾತ್ರಕ್ಕೆ ಅದು ವ್ಯಾಧಿಯ ಗುರುತಲ್ಲ. ಹೆಪ್ಪಿನ ಒಂಬತ್ತನೆಯ ಅಂಶವು ಸಹಜವಾಗಿಯೇ ಕಡಿಮೆಯಿರುವ ಎಳೆಯ ಶಿಶುವಿನಲ್ಲಿ ಸೌಮ್ಯವಾದ ಹಿಮೋಫಿಲಿಯಾ ಬಿ ಎಂಬ ರಕ್ತಸ್ರಾವದ ವ್ಯಾಧಿ ಇದೆಯೆಂದು ಹೇಳುವ ಮುನ್ನ, ಕೆಲವು ತಿಂಗಳು ಕಳೆದು ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.

ಇಷ್ಟರಿಂದಲೇ ಕಾರ್ಯವು ಮುಗಿಯಲಿಲ್ಲ. ಯಂತ್ರ ಬದಲಾದರೆ, ಪ್ರೇರಕ ದ್ರವ್ಯ ಬದಲಾದರೆ ಸೆಕೆಂಡುಗಳೂ ಬದಲಾಗುವುವೆಂಬುದನ್ನು ಮೆಲ್ಬರ್ನಿನ ಪೌಲ್ ಮೊನಾಗಲ್ ಮತ್ತು ಸಂಗಡಿಗರು 2006ರಲ್ಲಿ ಸ್ಪಷ್ಟಪಡಿಸಿದರು. ಅಂದಮೇಲೆ ಕೆನಡಾದ ಅಳತೆಗಳ ಪಟ್ಟಿಯನ್ನು ಹಾಗೆಯೇ ರಾಯಚೂರಿನ ಗೋಡೆಗೆ ತೂಗುಹಾಕುವಂತಿಲ್ಲ. ನಮ್ಮ ನಾಡಿನ ಬೇಸಗೆಯೂ ಲೆಕ್ಕಕ್ಕೆ ಬರತಕ್ಕದ್ದೇ: ನಾಲ್ವತ್ತು ಡಿಗ್ರಿಯನ್ನು ದಾಟುವ ಬಿಸಿಲಿನಲ್ಲಿ ಹಳ್ಳಿಯಿಂದ ಪಟ್ಟಣಕ್ಕೆ ಸಾಗಿಬರುವ ಮಾದರಿಯು ದಾರಿಯಲ್ಲಿಯೇ ಕೆಡಬಹುದು; ಆದುದರಿಂದ ಅದನ್ನು ತಂಪಾದ ಕೋಣೆಯಲ್ಲಿಟ್ಟು ನಾಲ್ಕು ಗಂಟೆಯೊಳಗೆ ಪರೀಕ್ಷಿಸುವುದು ಕ್ರಮ. ಚಿಕ್ಕ ಕೂಸಿನ ನರ ಸೂಜಿಗೆ ಸಿಗದೆ ಅರ್ಧ ತುಂಬಿದ ನಳಿಕೆಯಲ್ಲಿ ಸಿಟ್ರೇಟಿನ ಪ್ರಮಾಣವು ಹೆಚ್ಚಾಗಿ, ಇಲ್ಲದ ದೋಷವು ಕಾಗದದ ಮೇಲೆ ಕಾಣಿಸಿಕೊಳ್ಳುವುದೂ ಉಂಟು.

ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದ, ಸ್ವತಃ ಆ ವ್ಯಾಧಿಯೊಡನೆ ಬಾಳಿದ ಡಾಕ್ಟರ್ ಸುರೇಶ್ ಹನಗವಾಡಿ ಅವರ ದುಡಿಮೆಯು, ರಕ್ತದ ವ್ಯಾಧಿಗಳನ್ನು ಕುರಿತ ಕಾರ್ಯವು ಕನ್ನಡನಾಡಿನಲ್ಲಿಯೇ ಸಾಧ್ಯವೆಂಬುದಕ್ಕೆ ನಿದರ್ಶನವಾಗಿದೆ. ನಮ್ಮ ವೈದ್ಯಕೀಯ ಕಾಲೇಜುಗಳು, ಸಣ್ಣ ಶಸ್ತ್ರಚಿಕಿತ್ಸೆಗೆಂದು ಬರುವ ನಿರೋಗಿ ಮಕ್ಕಳಿಂದ ತಂದೆತಾಯಿಗಳ ಒಪ್ಪಿಗೆ ಪಡೆದು, ಹೇಗೂ ತೆಗೆಯುವ ರಕ್ತದೊಡನೆ ಇನ್ನೊಂದಿಷ್ಟನ್ನು ಸಂಗ್ರಹಿಸಿ, ನಮ್ಮ ಮಕ್ಕಳ ಅಳತೆಯನ್ನು ವಯಸ್ಸಿಗನುಗುಣವಾಗಿ ನಿಶ್ಚಯಿಸಲಿ. ಶ್ರೋತೃಗಳಾದ ತಾಯಂದಿರಲ್ಲಿಯೂ ತಂದೆಯರಲ್ಲಿಯೂ ನನ್ನ ವಿನಂತಿಯೊಂದೇ: ಪ್ರಯೋಗಾಲಯದ ಚೀಟಿಯಲ್ಲಿ ಮಗುವಿನ ವಯಸ್ಸನ್ನು, ಕೂಸಾದರೆ ದಿನಗಳ ಲೆಕ್ಕದಲ್ಲಿ, ತಪ್ಪದೆ ಬರೆಸಿರಿ, ವರದಿ ಕೈಗೆ ಬಂದಾಗ ಅದರಲ್ಲಿರುವ ಸಹಜ ಪ್ರಮಾಣವು ಮಕ್ಕಳದೋ ದೊಡ್ಡವರದೋ ಎಂದು ಸಂಕೋಚವಿಲ್ಲದೆ ಕೇಳಿರಿ.